ದೂರ ಪ್ರಯಾಣದ ಬೈಕ್‌ಗೆ ಬಹುಕಾಲ ಬಾಳುವ ಟೈರ್: ಆರಿಸುವ ಕ್ರಮ

ಟೈರ್ ಅಂಗಡಿಯಲ್ಲಿ ನಿಂತು "ಇದು ಎಷ್ಟು ಕಿಲೋಮೀಟರ್ ಬರುತ್ತದೆ?" ಎಂದು ಕೇಳದ ಸವಾರರಿಲ್ಲ. ಅಂಗಡಿಯವರು ಒಂದು ಸಂಖ್ಯೆ ಹೇಳುತ್ತಾರೆ, ನಾವು ಅದನ್ನು ನಂಬಿ ಹಣ ಕೊಡುತ್ತೇವೆ. ಅಮೆರಿಕದಲ್ಲಿ ಕಾರಿನ ಟೈರ್‌ನ ಪಕ್ಕೆಯ ಮೇಲೆ ಸವೆತದ ದರ್ಜೆಯನ್ನು ತಿಳಿಸುವ ಟ್ರೆಡ್‌ವೇರ್ ಸಂಖ್ಯೆಯನ್ನು ಅಚ್ಚು ಹಾಕಬೇಕೆಂಬ ನಿಯಮವಿದೆ. ಆದರೆ ಆ ನಿಯಮ ಮೋಟಾರ್‌ಸೈಕಲ್ ಟೈರ್‌ಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಯಾವ ಟೈರ್ ಎಷ್ಟು ಬಾಳುತ್ತದೆ ಎಂಬ ಲೆಕ್ಕವನ್ನು ಕೊಳ್ಳುವವನೇ ಹಾಕಿಕೊಳ್ಳಬೇಕು. ಒಂದೇ ಕಂಪನಿಯ, ಒಂದೇ ಮಾದರಿಯ ಹಿಂದಿನ ಟೈರ್ ಒಬ್ಬರ ಬೈಕ್‌ನಲ್ಲಿ 8,000 ಕಿ.ಮೀ.ಗೆ ಬೋಳಾಗಿ, ಇನ್ನೊಬ್ಬರ ಬೈಕ್‌ನಲ್ಲಿ 15,000 ಕಿ.ಮೀ. ದಾಟಬಹುದು. ಈ ಅಂತರಕ್ಕೆ ರಬ್ಬರ್ ಎಷ್ಟು ಕಾರಣವೋ ಹೊತ್ತ ಭಾರ, ತುಂಬಿದ ಗಾಳಿ, ಓಡಿದ ರಸ್ತೆ ಮತ್ತು ಆಕ್ಸಿಲರೇಟರ್ ಹಿಡಿದ ಕೈ ಕೂಡ ಅಷ್ಟೇ ಕಾರಣ.

ಉದಾಹರಣೆಗಾಗಿ ಇಲ್ಲಿ ನಾನು ಬಳಸುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಅನ್ನೇ ಇಟ್ಟುಕೊಳ್ಳುತ್ತೇನೆ. ಇದರ ಮುಂದಿನ ಟೈರ್ 90/90-21, ಹಿಂದಿನದು 120/90-17. ಕಡ್ಡಿ ಚಕ್ರ, ಒಳಗೆ ಟ್ಯೂಬ್, ಬೈಕ್‌ನ ತೂಕ 199 ಕಿಲೋ. ನಿಮ್ಮದು ಮೀಟಿಯಾರ್, ಡೊಮಿನಾರ್, ಇಂಟರ್‌ಸೆಪ್ಟರ್ ಯಾವುದೇ ಆಗಿರಲಿ, ಅಳತೆಗಳು ಬದಲಾಗುತ್ತವೆಯೇ ಹೊರತು ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಸವೆದ ಟೈರ್ ಅನ್ನು ಓದುವುದು

ಹೊಸ ಟೈರ್‌ನ ಹುಡುಕಾಟವನ್ನು ಅಂಗಡಿಯಿಂದಲ್ಲ, ನಿಮ್ಮ ಬೈಕ್‌ನಲ್ಲೇ ಇರುವ ಹಳೆಯ ಟೈರ್‌ನಿಂದ ಆರಂಭಿಸಬೇಕು. ಅದನ್ನು ಬಿಚ್ಚಿಸಿ ಗುಜರಿಗೆ ಹಾಕುವ ಮುನ್ನ ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಹಗಲು ಬೆಳಕಿನಲ್ಲಿ ಪೂರ್ತಿ ಒಂದು ಸುತ್ತು ನೋಡಿ. ಟ್ರೆಡ್‌ನ, ಅಂದರೆ ನೆಲಕ್ಕೆ ತಾಗುವ ರಬ್ಬರ್‌ನಲ್ಲಿ ಕೊರೆದ ಗೆರೆಗಳ, ಆಳ ಅಳೆಯುವ ಸಣ್ಣ ಗೇಜ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಿಂದ ನಡುಭಾಗ, ಎಡ ಅಂಚು, ಬಲ ಅಂಚು ಹೀಗೆ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಈ ಮೂರು ಸಂಖ್ಯೆಗಳು ಹೇಳುವಷ್ಟು ಸತ್ಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ನಡುಭಾಗ ಮಾತ್ರ ಚಪ್ಪಟೆಯಾಗಿ ಸವೆದು, ಅಂಚುಗಳಲ್ಲಿ ಟ್ರೆಡ್ ಸಾಕಷ್ಟು ಉಳಿದಿದ್ದರೆ ನೀವು ಹೆಚ್ಚಾಗಿ ನೇರ ಹೆದ್ದಾರಿಯಲ್ಲಿ ಓಡಿಸಿದ್ದೀರಿ ಎಂದರ್ಥ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ದಾಟಿ ಬೆಳಗಾವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಂತಹ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಕಾಲ ಬೈಕ್ ವಾಲುವುದೇ ಅಪರೂಪ. ಇಡೀ ಭಾರ ಎರಡು ಬೆರಳು ಅಗಲದ ಪಟ್ಟಿಯ ಮೇಲೆಯೇ ಬೀಳುತ್ತದೆ. ಗಾಳಿ ಅಗತ್ಯಕ್ಕಿಂತ ಹೆಚ್ಚಿದ್ದರೂ ಇದೇ ಬಗೆಯ ಸವೆತ ಕಾಣುತ್ತದೆ, ಆದ್ದರಿಂದ ನಿಮ್ಮ ಗಾಳಿಯ ಅಭ್ಯಾಸವನ್ನೂ ನೆನಪಿಸಿಕೊಳ್ಳಿ. ಹೀಗೆ ಚೌಕಾಕಾರಕ್ಕೆ ತಿರುಗಿದ ಟೈರ್ ತಿರುವಿನಲ್ಲಿ ವಾಲುವಾಗ ಒಂದು ಮೆಟ್ಟಿಲು ಇಳಿದಂತೆ ತಟ್ಟನೆ ಬೀಳುತ್ತದೆ. ಟ್ರೆಡ್ ಉಳಿದಿದ್ದರೂ ಘಾಟಿಯಲ್ಲಿ ಅದು ವಿಶ್ವಾಸಕ್ಕೆ ಅರ್ಹವಲ್ಲ.

ಎರಡೂ ಅಂಚುಗಳು ನಡುಭಾಗಕ್ಕಿಂತ ಬೇಗ ಸವೆದಿದ್ದರೆ ಮೊದಲ ಸಂಶಯ ಕಡಿಮೆ ಗಾಳಿಯ ಮೇಲೆ ಇರಲಿ. ಕಡಿಮೆ ಗಾಳಿಯ ಟೈರ್ ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯಿಂದ ಒಳಗೆ ಶಾಖ ಹುಟ್ಟುತ್ತದೆ, ಕಾದ ರಬ್ಬರ್ ಬೇಗ ಸವೆಯುತ್ತದೆ. ಒಂದು ಬದಿ ಮಾತ್ರ ಸ್ವಲ್ಪ ಹೆಚ್ಚು ಸವೆದಿದ್ದರೆ ಗಾಬರಿಯಾಗಬೇಕಿಲ್ಲ. ರಸ್ತೆಯ ಎಡಬದಿಯಲ್ಲಿ ಸಾಗುವ ನಮ್ಮ ದೇಶದಲ್ಲಿ ಬಲ ತಿರುವುಗಳು ಉದ್ದವಾಗಿರುವುದರಿಂದ ಬಲ ಅಂಚು ತುಸು ಮುಂದೆ ಸವೆಯುವುದು ಸಹಜ. ಆದರೆ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದ್ದರೆ ಹಿಂದಿನ ಚಕ್ರ ನೇರವಾಗಿ ಕೂತಿಲ್ಲ ಎಂದು ತಿಳಿಯಬೇಕು.

ಮುಂದಿನ ಟೈರ್ ಮೇಲೆ ಅಂಗೈ ಸವರಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತಾಗಿದರೆ, ಅಥವಾ ಅಲ್ಲಲ್ಲಿ ಹಳ್ಳ ಬಿದ್ದಂತೆ ಕಂಡರೆ, ಹೊಸ ಟೈರ್ ಹಾಕಿಸುವ ಮುನ್ನ ಮುಂದಿನ ಫೋರ್ಕ್, ಹ್ಯಾಂಡಲ್‌ನ ಕೋನ್‌ಸೆಟ್ (ಹ್ಯಾಂಡಲ್ ತಿರುಗಲು ನೆರವಾಗುವ ಬೇರಿಂಗ್) ಮತ್ತು ಚಕ್ರದ ಬೇರಿಂಗ್‌ಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ಸಡಿಲವಾದ ಕೋನ್‌ಸೆಟ್ ಇಟ್ಟುಕೊಂಡು ಎಂತಹ ಬಾಳಿಕೆಯ ಟೈರ್ ಹಾಕಿಸಿದರೂ ಅದು ಇದೇ ರೀತಿ ಹಾಳಾಗುತ್ತದೆ. ಇಲ್ಲಿ ಸವೆದದ್ದು ಟೈರ್ ಆದರೂ ಕಾಯಿಲೆ ಬೇರೆ ಕಡೆ ಇದೆ.

ಕೊನೆಗೆ ಟೈರ್‌ನ ಪಕ್ಕೆಯನ್ನು ನೋಡಿ. ಟ್ರೆಡ್ ಇನ್ನೂ ಇರುವಾಗಲೇ ಪಕ್ಕೆಯಲ್ಲಿ ಸಣ್ಣ ಬಿರುಕುಗಳು ಮೂಡಿದ್ದರೆ ನಿಮ್ಮ ಟೈರ್ ಸತ್ತದ್ದು ಓಟದಿಂದಲ್ಲ, ವಯಸ್ಸಿನಿಂದ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರು 20,000 ಕಿ.ಮೀ. ಬಾಳುವ ಟೈರ್‌ಗೆ ಹೆಚ್ಚಿನ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಸವೆಯುವ ಮೊದಲೇ ಅದು ಗಟ್ಟಿಯಾಗಿಬಿಡುತ್ತದೆ. ಅಂತಹವರು ಹೆಚ್ಚು ಹಿಡಿತ ಕೊಡುವ ಮೃದುವಾದ ಟೈರ್ ಅನ್ನೇ ನೆಮ್ಮದಿಯಿಂದ ಕೊಳ್ಳಬಹುದು.

ಎರಡನೆಯ ಹೆಜ್ಜೆ: ನಿಮ್ಮ ರಸ್ತೆ ಮತ್ತು ನಿಮ್ಮ ಭಾರವನ್ನು ಬರೆದಿಡುವುದು

ಕಳೆದ ಒಂದು ವರ್ಷದಲ್ಲಿ ಓಡಿಸಿದ ದೂರವನ್ನು ನೆನಪಿಸಿಕೊಂಡು ಎಷ್ಟು ಭಾಗ ಹೆದ್ದಾರಿ, ಎಷ್ಟು ಭಾಗ ನಗರ, ಎಷ್ಟು ಭಾಗ ಘಾಟಿ, ಎಷ್ಟು ಭಾಗ ಮಣ್ಣಿನ ದಾರಿ ಎಂದು ಅಂದಾಜಿಸಿ. ಈ ವಿಷಯದಲ್ಲಿ ನಮ್ಮ ಬಯಕೆಗೂ ವಾಸ್ತವಕ್ಕೂ ಬಹಳ ಅಂತರವಿರುತ್ತದೆ. ಮಣ್ಣಿನ ದಾರಿಯಲ್ಲಿ ವರ್ಷಕ್ಕೆ ಇನ್ನೂರು ಕಿಲೋಮೀಟರ್ ಸಹ ಓಡದ ಬೈಕ್‌ಗಳಿಗೆ ಮಣ್ಣಿನ ದಾರಿಗೆಂದು ದಪ್ಪ ರಬ್ಬರ್ ಉಬ್ಬುಗಳಿಟ್ಟು ಮಾಡಿದ ಬಟನ್ ಟೈರ್ ಹಾಕಿಸಿ, ಡಾಂಬರಿನ ಮೇಲೆ ಅದನ್ನು ಕೆಲವೇ ಸಾವಿರ ಕಿಲೋಮೀಟರ್‌ಗಳಲ್ಲಿ ತೇಯ್ದು ಮುಗಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ರಾಜ್ಯದಲ್ಲಿ ಒಂದೇ ಪ್ರಯಾಣ ಟೈರ್‌ನಿಂದ ಪರಸ್ಪರ ವಿರುದ್ಧವಾದ ಗುಣಗಳನ್ನು ಕೇಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ರಸ್ತೆಯ ಮೇಲ್ಮೈ ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ. ಅಲ್ಲಿ ಮೃದುವಾದ ರಬ್ಬರ್ ಬೇಗ ಕರಗಿದಂತೆ ಸವೆಯುತ್ತದೆ. ಅದೇ ಬೈಕ್ ಜುಲೈನಲ್ಲಿ ಆಗುಂಬೆಯ ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ, ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆ ಊರಿನ ಒದ್ದೆ ರಸ್ತೆಯಲ್ಲಿ, ಗಟ್ಟಿಯಾದ ರಬ್ಬರ್ ಹಿಡಿತವನ್ನೇ ಬಿಟ್ಟುಬಿಡಬಹುದು. ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯ ಒರಟು ಮೇಲ್ಮೈ ಡಾಂಬರಿಗಿಂತ ಹೆಚ್ಚು ತೇಯುತ್ತದೆ. ಆದ್ದರಿಂದ ಬಾಳಿಕೆ ಎಂಬುದನ್ನು ಕಿಲೋಮೀಟರ್‌ಗಳಲ್ಲಿ ಮಾತ್ರ ಎಣಿಸಬಾರದು. ಮಳೆಯಲ್ಲಿ ನಂಬಬಹುದಾದ ಕಿಲೋಮೀಟರ್‌ಗಳನ್ನು ಎಣಿಸಬೇಕು ಎಂಬುದು ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು.

ಭಾರದ ಲೆಕ್ಕ ಸರಳ. ಬೈಕ್ 199 ಕಿಲೋ, ಸವಾರ 75, ಹಿಂದೆ ಕೂರುವವರು 60, ಪೆಟ್ಟಿಗೆ ಮತ್ತು ಸಾಮಾನು 30. ಒಟ್ಟು 364 ಕಿಲೋ. ಡಬಲ್ಸ್ ಹೋಗುವಾಗ, ಸಾಮಾನು ಹಿಂದೆ ಕಟ್ಟಿದಾಗ, ಇದರ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ನೂರಕ್ಕೆ 65 ಎಂದು ಹಿಡಿದರೂ ಸುಮಾರು 237 ಕಿಲೋ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಟೈರ್‌ನ ಪಕ್ಕೆಯ ಮೇಲಿನ ಅಕ್ಷರಗಳನ್ನು ಅರ್ಥ ಮಾಡಿಕೊಳ್ಳುವುದು

120/90-17 64ಎಸ್ ಎಂದಿದ್ದರೆ, 120 ಎಂಬುದು ಟೈರ್‌ನ ಅಗಲ ಮಿಲಿಮೀಟರ್‌ಗಳಲ್ಲಿ. 90 ಎಂಬುದು ಆ ಅಗಲದ ನೂರಕ್ಕೆ 90 ಭಾಗದಷ್ಟು ಪಕ್ಕೆಯ ಎತ್ತರ, ಅಂದರೆ 108 ಮಿ.ಮೀ.; 17 ಎಂಬುದು ರಿಮ್‌ನ ವ್ಯಾಸ ಇಂಚುಗಳಲ್ಲಿ. ಕೊನೆಯ 64 ಭಾರದ ಸೂಚ್ಯಂಕ, ಎಸ್ ವೇಗದ ಸಂಕೇತ.

ದೂರ ಪ್ರಯಾಣದ ಸವಾರರು ಹೆಚ್ಚು ಅಲಕ್ಷ್ಯ ಮಾಡುವುದು ಈ ಭಾರದ ಸೂಚ್ಯಂಕವನ್ನು. 54 ಎಂದರೆ 212 ಕಿಲೋ, 57 ಎಂದರೆ 230, 60 ಎಂದರೆ 250, 64 ಎಂದರೆ 280, 66 ಎಂದರೆ 300. ಮೇಲೆ ಹಾಕಿದ ಲೆಕ್ಕದ 237 ಕಿಲೋವನ್ನು 64ರ ಟೈರ್ 43 ಕಿಲೋ ಬಿಡುವಿಟ್ಟುಕೊಂಡು ಹೊರುತ್ತದೆ. ಅದೇ ಜಾಗಕ್ಕೆ ಬೆಲೆ ಕಡಿಮೆ ಎಂದು 57ರ ಟೈರ್ ಹಾಕಿಸಿದರೆ ಡಬಲ್ಸ್ ಹೋದ ಪ್ರತಿ ಸಲವೂ ಅದು ತನ್ನ ಮಿತಿಯನ್ನು ಮೀರಿ ದುಡಿಯುತ್ತದೆ, ಕಾಯುತ್ತದೆ, ಸವೆಯುತ್ತದೆ. ಬೈಕ್ ತಯಾರಕರು ಸೂಚಿಸಿದ ಸೂಚ್ಯಂಕಕ್ಕಿಂತ ಕೆಳಗೆ ಎಂದೂ ಇಳಿಯಬೇಡಿ. ಒಂದೆರಡು ಅಂಕ ಮೇಲಿದ್ದರೆ ಸಾಮಾನು ಹೊರುವವರಿಗೆ ಒಳ್ಳೆಯದೇ. ಈ ಭಾರವನ್ನು ಟೈರ್ ಹೊರುವುದು ಪೂರ್ತಿ ಗಾಳಿ ಇದ್ದಾಗ ಮಾತ್ರ ಎಂಬುದೂ ನೆನಪಿರಲಿ.

ವೇಗದ ಸಂಕೇತಗಳಲ್ಲಿ ಪಿ ಎಂದರೆ ಗಂಟೆಗೆ 150 ಕಿ.ಮೀ., ಎಸ್ ಎಂದರೆ 180, ಎಚ್ ಎಂದರೆ 210, ವಿ ಎಂದರೆ 240. ತಯಾರಕರು ಹೇಳಿದ್ದಕ್ಕಿಂತ ಕಡಿಮೆಯದನ್ನು ಹಾಕಿಸಬಾರದು, ಬೇಕಿಲ್ಲದಷ್ಟು ಹೆಚ್ಚಿನದಕ್ಕೆ ಹಣ ಕೊಡಬೇಕಾಗಿಯೂ ಇಲ್ಲ.

ಅಗಲದ ಟೈರ್ ಹಾಕಿಸುವ ಆಸೆ ಬಹಳ ಜನರಿಗಿದೆ. ಅಗಲ ಹೆಚ್ಚಿದರೆ ರಬ್ಬರ್ ಹೆಚ್ಚು, ರಬ್ಬರ್ ಹೆಚ್ಚಿದರೆ ಬಾಳಿಕೆ ಹೆಚ್ಚು ಎಂಬ ತರ್ಕ ಮೇಲ್ನೋಟಕ್ಕೆ ಸರಿ ಎನಿಸಿದರೂ ರಿಮ್‌ನ ಅಗಲ ಮೊದಲಿನಷ್ಟೇ ಇರುವುದರಿಂದ ಅಗಲದ ಟೈರ್‌ನ ಎರಡು ಪಕ್ಕೆಗಳು ಒಳಕ್ಕೆ ಹಿಸುಕಿದಂತಾಗಿ ನಡುಭಾಗ ಉಬ್ಬುತ್ತದೆ, ನೆಲಕ್ಕೆ ತಾಗುವ ಪಟ್ಟಿ ಕಿರಿದಾಗುತ್ತದೆ, ಮತ್ತು ಆ ಕಿರಿದಾದ ಪಟ್ಟಿಯೇ ಇಡೀ ಭಾರ ಹೊತ್ತು ಬೇಗ ಸವೆಯುತ್ತದೆ. ಚೈನ್, ಮಡ್‌ಗಾರ್ಡ್, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್‌ಗಳಿಗೆ ತಾಗುವ ಅಪಾಯ ಬೇರೆ. ಸುತ್ತಳತೆಯೂ ಬದಲಾಗುತ್ತದೆ: 120/90-17ರ ಒಟ್ಟು ವ್ಯಾಸ ಸುಮಾರು 648 ಮಿ.ಮೀ.; 130/80-17ರದ್ದು ಸುಮಾರು 640; 130/90-17ರದ್ದು ಸುಮಾರು 666. ಮೊದಲನೆಯ ಬದಲಾವಣೆ ಸುಮಾರು ನೂರಕ್ಕೆ ಒಂದು ಭಾಗದ್ದು, ಎರಡನೆಯದು ನೂರಕ್ಕೆ ಮೂರರ ಹತ್ತಿರ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯಲು ಎರಡು ಚಕ್ರಗಳ ವೇಗವನ್ನು ಹೋಲಿಸಿ ನೋಡುವ ಎಬಿಎಸ್ ಇರುವ ಬೈಕ್‌ಗಳಲ್ಲಿ ಇಂತಹ ಬದಲಾವಣೆಗೆ ಕೈ ಹಾಕದಿರುವುದೇ ಲೇಸು. ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ.

ನಾಲ್ಕನೆಯ ಹೆಜ್ಜೆ: ಒಳಗಿನ ರಚನೆ, ರಬ್ಬರ್ ಮತ್ತು ಟ್ರೆಡ್

ನಮ್ಮಲ್ಲಿ ಮಾರಾಟವಾಗುವ ಬೈಕ್ ಟೈರ್‌ಗಳಲ್ಲಿ ಹೆಚ್ಚಿನವು ಬಯಾಸ್ ರಚನೆಯವು. ಇವುಗಳಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದುಹೋಗುತ್ತವೆ. ರೇಡಿಯಲ್ ಟೈರ್‌ಗಳಲ್ಲಿ ಪದರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಸಾಗಿ, ಟ್ರೆಡ್‌ನ ಕೆಳಗೆ ಪ್ರತ್ಯೇಕ ಪಟ್ಟಿ ಸುತ್ತಿರುತ್ತದೆ. ಅಳತೆಯ ನಡುವೆ ಗೆರೆ ಇದ್ದರೆ ಬಯಾಸ್, ಆರ್ ಅಕ್ಷರವಿದ್ದರೆ ರೇಡಿಯಲ್: ಹಿಮಾಲಯನ್ 411ರ ಹಿಂದಿನ ಟೈರ್ 120/90-17, ಹಿಮಾಲಯನ್ 450ರದ್ದು 140/80 ಆರ್17. ರೇಡಿಯಲ್ ಟೈರ್ ಹೆದ್ದಾರಿ ವೇಗದಲ್ಲಿ ಕಡಿಮೆ ಕಾಯುತ್ತದೆ, ಆದ್ದರಿಂದ ಒಂದೇ ಬಗೆಯ ರಬ್ಬರ್ ಇದ್ದರೂ ಹೆಚ್ಚು ಬಾಳುವ ಸಾಧ್ಯತೆ ಇದೆ. ಬಯಾಸ್ ಟೈರ್‌ನ ಪಕ್ಕೆ ಗಟ್ಟಿಯಾಗಿದ್ದು ಭಾರವನ್ನೂ ಗುಂಡಿಗಳ ಹೊಡೆತವನ್ನೂ ಚೆನ್ನಾಗಿ ತಡೆಯುತ್ತದೆ. ನಿಮ್ಮ ಬೈಕ್‌ಗೆ ತಯಾರಕರು ಯಾವುದನ್ನು ಕೊಟ್ಟಿದ್ದಾರೋ ಅದನ್ನೇ ಮುಂದುವರಿಸಿ. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಎಂಬ ಬೆರಕೆ, ತಯಾರಕರೇ ಒಪ್ಪಿದ ಹೊರತು, ಬೇಡ.

ರಬ್ಬರ್ ಮಿಶ್ರಣದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಹಾಲಿಳಿಸಿ ತೆಗೆಯುವಂತಹ ನೈಸರ್ಗಿಕ ರಬ್ಬರ್ ಟೈರ್‌ಗೆ ಹರಿಯದ ಗಟ್ಟಿತನವನ್ನೂ ಕಡಿಮೆ ಕಾಯುವ ಗುಣವನ್ನೂ ಕೊಡುತ್ತದೆ. ಅದರೊಂದಿಗೆ ಕೃತಕ ರಬ್ಬರ್, ಸವೆತ ತಡೆಯುವ ಕಾರ್ಬನ್ ಬ್ಲ್ಯಾಕ್, ಒದ್ದೆ ರಸ್ತೆಯ ಹಿಡಿತ ಹೆಚ್ಚಿಸುವ ಸಿಲಿಕಾ ಇತ್ಯಾದಿಗಳನ್ನು ಬೆರೆಸುತ್ತಾರೆ. ಗಟ್ಟಿ ಮಿಶ್ರಣ ಹೆಚ್ಚು ದೂರ ಬರುತ್ತದೆ, ಮೃದು ಮಿಶ್ರಣ ಹೆಚ್ಚು ಹಿಡಿಯುತ್ತದೆ. ಇವೆರಡನ್ನೂ ಕೂಡಿಸಲು ಕಂಡುಕೊಂಡ ದಾರಿಯೆಂದರೆ ನಡುಭಾಗಕ್ಕೆ ಗಟ್ಟಿ ಮಿಶ್ರಣ, ಅಂಚುಗಳಿಗೆ ಮೃದು ಮಿಶ್ರಣ ಹಾಕುವ ಎರಡು ಮಿಶ್ರಣದ ಟೈರ್. ಮಿಶೆಲಿನ್ ರೋಡ್ 6, ಡನ್‌ಲಪ್ ಎಲೀಟ್ 4ರಂತಹ ಟೂರಿಂಗ್ ಟೈರ್‌ಗಳಲ್ಲಿ ಈ ಉಪಾಯವಿದೆ. ನೇರ ಹೆದ್ದಾರಿಯಲ್ಲಿ ನಡುಭಾಗ ಉಳಿಯುತ್ತದೆ, ಘಾಟಿಯಲ್ಲಿ ವಾಲಿದಾಗ ಮೃದು ಅಂಚು ರಸ್ತೆಯನ್ನು ಹಿಡಿಯುತ್ತದೆ. ನಿಮ್ಮ ಅಳತೆಯಲ್ಲಿ ಇಂತಹ ಟೈರ್ ದೊರೆಯುತ್ತಿದ್ದರೆ, ಹಳೆಯ ಟೈರ್‌ನ ನಡುಭಾಗ ಚಪ್ಪಟೆಯಾಗಿ ಸವೆದಿದ್ದರೆ, ನಿಮ್ಮ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಅಮೆರಿಕ, ಯುರೋಪ್‌ಗಳಲ್ಲಿ ಗೋಲ್ಡ್ ವಿಂಗ್ ಅಥವಾ ಹಾರ್ಲೆಯ ಭಾರಿ ಟೂರಿಂಗ್ ಬೈಕ್ ಇಟ್ಟುಕೊಂಡಿರುವ ಕನ್ನಡಿಗರಿಗೆ ಬಾಳಿಕೆಯನ್ನೇ ಗುರಿಯಾಗಿಟ್ಟು ಮಾಡಿದ ಮೆಟ್ಜೆಲರ್ ಎಂಇ 888 ಮ್ಯಾರಥಾನ್ ಅಲ್ಟ್ರಾ ಕೂಡ ನೋಡಬೇಕಾದ ಹೆಸರು. ಹಣ ಉಳಿಸಲು ಹಿಂದಿನ ಚಕ್ರಕ್ಕೆ ಕಾರಿನ ಟೈರ್ ಹಾಕಿಸುವ ಪದ್ಧತಿ ಅಲ್ಲಿನ ಕೆಲವರಲ್ಲಿದೆ. ಕಾರಿನ ಟೈರ್ ವಾಲುವುದಕ್ಕಾಗಿ ಮಾಡಿದ್ದಲ್ಲ, ಅದು ಬೈಕ್‌ನ ರಿಮ್‌ನಲ್ಲಿ ಕೂರುವ ಅಂಚೂ ಬೇರೆಯೇ, ಹಾಗಾಗಿ ಆ ದಾರಿ ಹಿಡಿಯಬೇಡಿ.

ಟ್ರೆಡ್ ನೋಡುವಾಗ ನಡುವಿನ ಪಟ್ಟಿಯನ್ನು ಗಮನಿಸಿ. ನಡುವೆ ರಬ್ಬರ್ ಹೆಚ್ಚು ಕಡಿಯದೆ ಒಂದೇ ಸಮನೆ ಸಾಗಿದ್ದರೆ ನೆಲಕ್ಕೆ ತಾಗುವ ರಬ್ಬರ್ ಹೆಚ್ಚು, ಸವೆತ ಕಡಿಮೆ. ನಡುವೆಯೇ ದೊಡ್ಡ ಉಬ್ಬುಗಳಂತೆ ಬಿಡಿಬಿಡಿಯಾದ ಬಟನ್‌ಗಳಿದ್ದರೆ ಪ್ರತಿ ಬಟನ್ ಡಾಂಬರಿನ ಮೇಲೆ ಬಾಗಿ ಜಾರುತ್ತ ಬೇಗ ಮುಗಿಯುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಡಾಂಬರಿನಲ್ಲಿ ಓಡುವ ಹಿಮಾಲಯನ್‌ನಂತಹ ಬೈಕ್‌ಗೆ ಮೆಟ್ಜೆಲರ್ ಟೂರನ್ಸ್ ಬಗೆಯ, ಅಂದರೆ ರಸ್ತೆಯ ಕಡೆಗೆ ವಾಲಿದ ಟ್ರೆಡ್ ಸೂಕ್ತ. ಟ್ರೆಡ್‌ನ ಆರಂಭದ ಆಳವನ್ನೂ ಅಂಗಡಿಯಲ್ಲೇ ಗೇಜ್‌ನಿಂದ ಅಳೆಯಬಹುದು, ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ; ಒಂದೇ ಬಗೆಯ ಎರಡು ಟೈರ್‌ಗಳ ನಡುವೆ ಒಂದು ಮಿಲಿಮೀಟರ್ ಆಳದ ವ್ಯತ್ಯಾಸವೂ ಸಾವಿರಾರು ಕಿಲೋಮೀಟರ್‌ಗಳ ವ್ಯತ್ಯಾಸವಾಗಬಲ್ಲದು.

ಐದನೆಯ ಹೆಜ್ಜೆ: ಟ್ಯೂಬ್

ಅಲಾಯ್ ಚಕ್ರವಿದ್ದರೆ ಸಾಮಾನ್ಯವಾಗಿ ಟ್ಯೂಬ್‌ಲೆಸ್, ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಕಡ್ಡಿ ಚಕ್ರವಿದ್ದು ಟ್ಯೂಬ್ ಹಾಕುವ ರಿಮ್ ಆಗಿದ್ದರೆ ಹೊಸ ಟೈರ್‌ನೊಂದಿಗೆ ಹೊಸ ಟ್ಯೂಬ್ ಅನ್ನೂ ಹಾಕಿಸಿ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ; ಹೊಸ ಟೈರ್ ಒಳಗೆ ಅದು ಮಡಚಿಕೊಂಡರೆ ಮಡಿಕೆಯ ಜಾಗದಲ್ಲೇ ತೂತಾಗುತ್ತದೆ. ಕಡ್ಡಿಗಳ ತುದಿ ಟ್ಯೂಬ್‌ಗೆ ಚುಚ್ಚದಂತೆ ತಡೆಯುವ ರಿಮ್ ಪಟ್ಟಿಯನ್ನೂ ಅದೇ ಹೊತ್ತಿನಲ್ಲಿ ನೋಡಿಸಿ.

ಆರನೆಯ ಹೆಜ್ಜೆ: ಸಾವಿರ ಕಿಲೋಮೀಟರ್‌ಗೆ ಎಷ್ಟು ರೂಪಾಯಿ?

ಮೇಲಿನ ಹೆಜ್ಜೆಗಳನ್ನು ದಾಟಿದ ಮೇಲೆ ನಿಮ್ಮ ಮುಂದೆ ಎರಡು ಮೂರು ಹೆಸರುಗಳಷ್ಟೇ ಉಳಿಯುತ್ತವೆ. ಎಂಆರ್‌ಎಫ್, ಸಿಯೆಟ್, ಅಪೊಲೊ, ಟಿವಿಎಸ್ ಯೂರೋಗ್ರಿಪ್, ಮಿಶೆಲಿನ್, ಮೆಟ್ಜೆಲರ್, ಪಿರೆಲಿ ಮುಂತಾದವುಗಳಲ್ಲಿ ನಿಮ್ಮ ಅಳತೆಗೆ, ನಿಮ್ಮ ಭಾರಕ್ಕೆ ಹೊಂದುವುದು ಯಾವುದು ಎಂಬುದನ್ನು ನೋಡಿದ ನಂತರ ಬೆಲೆಯನ್ನು ಹೋಲಿಸಿ. ಹೋಲಿಸುವಾಗ ಟೈರ್‌ನ ಬೆಲೆಯನ್ನಲ್ಲ, ಟ್ಯೂಬ್ ಮತ್ತು ಹಾಕಿಸುವ ಕೂಲಿಯನ್ನೂ ಸೇರಿಸಿ ಸಾವಿರ ಕಿಲೋಮೀಟರ್‌ಗೆ ತಗಲುವ ಖರ್ಚನ್ನು ಹೋಲಿಸಬೇಕು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಮೊದಲ ಟೈರ್‌ಗೆ ಎಲ್ಲ ಸೇರಿ 4,800 ರೂಪಾಯಿ, ಬಾಳಿಕೆ 9,000 ಕಿ.ಮೀ. ಎಂದರೆ ಸಾವಿರ ಕಿಲೋಮೀಟರ್‌ಗೆ 533 ರೂಪಾಯಿ. ಎರಡನೆಯದಕ್ಕೆ 7,200 ರೂಪಾಯಿ, ಬಾಳಿಕೆ 15,000 ಎಂದರೆ 480. ಮೂರನೆಯದಕ್ಕೆ 9,600 ರೂಪಾಯಿ, ಬಾಳಿಕೆ 16,000 ಎಂದರೆ 600. ಅಗ್ಗದ್ದೂ ದುಬಾರಿಯದ್ದೂ ಅಲ್ಲದ ನಡುವಿನ ಟೈರ್ ಇಲ್ಲಿ ಮೇಲುಗೈ ಪಡೆಯುತ್ತದೆ. ಬಾಳಿಕೆಯ ಸಂಖ್ಯೆಯನ್ನು ನಿಮ್ಮದೇ ಬೈಕ್ ಇಟ್ಟುಕೊಂಡು, ನಿಮ್ಮಂತೆಯೇ ಸಾಮಾನು ಹೊತ್ತು, ನಿಮ್ಮ ಕಡೆಯ ರಸ್ತೆಗಳಲ್ಲೇ ಓಡಿಸುವ ಸವಾರರಿಂದ ಕೇಳಿ ತಿಳಿದುಕೊಳ್ಳಿ. ಒಬ್ಬರ ಮಾತು ಸಾಲದು, ಮೂರು ನಾಲ್ಕು ಜನರ ಅನುಭವ ಕೇಳಿ ಅವುಗಳಲ್ಲಿ ಕಡಿಮೆಯದನ್ನು ಹಿಡಿಯಿರಿ.

ಸಾಮಾನ್ಯವಾಗಿ ಹಿಂದಿನ ಟೈರ್ ಮುಂದಿನದಕ್ಕಿಂತ ಬೇಗ ಮುಗಿಯುತ್ತದೆ, ಏಕೆಂದರೆ ಎಂಜಿನ್‌ನ ಶಕ್ತಿಯೂ ಹೆಚ್ಚಿನ ಭಾರವೂ ಅದರ ಪಾಲಿನವು. ಆದ್ದರಿಂದ ಬಾಳಿಕೆಗಾಗಿ ಹೆಚ್ಚು ಹಣ ಹಾಕುವುದಾದರೆ ಹಿಂದಿನ ಟೈರ್‌ಗೆ ಹಾಕಿ. ಮುಂದಿನ ಟೈರ್‌ನಲ್ಲಿ ಬಾಳಿಕೆಯ ಆಸೆಗೆ ಹಿಡಿತವನ್ನು ಬಿಟ್ಟುಕೊಡಬೇಡಿ; ಬ್ರೇಕ್ ಹಿಡಿದಾಗ ಬೈಕ್ ಅನ್ನು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಅದರದು, ಮತ್ತು ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಏಳನೆಯ ಹೆಜ್ಜೆ: ಅಂಗಡಿಯಲ್ಲಿ

ಟೈರ್ ಅನ್ನು ಕೈಗೆತ್ತಿಕೊಂಡ ಕೂಡಲೇ ತಯಾರಾದ ದಿನಾಂಕ ಹುಡುಕಿ. ಪಕ್ಕೆಯ ಮೇಲೆ ನಾಲ್ಕು ಅಂಕೆಗಳ ಗುರುತಿರುತ್ತದೆ: 3225 ಎಂದಿದ್ದರೆ 2025ರ 32ನೆಯ ವಾರ, ಅಂದರೆ ಆಗಸ್ಟ್ ತಿಂಗಳು. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ಒಂದು ವರ್ಷ ದಾಟಿದ್ದನ್ನು ನಾನು ಕೊಳ್ಳುವುದಿಲ್ಲ. ಜೊತೆಗೆ ಐಎಸ್‌ಐ ಗುರುತನ್ನು ನೋಡಿ. ಭಾರತದಲ್ಲಿ ಮಾರುವ ಟೈರ್‌ಗಳಿಗೆ ಅದು ಕಡ್ಡಾಯ. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಟೈರ್ ಬೇಡ, ಒಳಗಿನಿಂದ ತರಿಸಿಕೊಳ್ಳಿ.

ದಿನಾಂಕದ ಬಗ್ಗೆ ನಾನು ಇಷ್ಟು ಒತ್ತಾಯಿಸಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ರಿಯಾಯಿತಿ ದರಕ್ಕೆ ಸಿಕ್ಕಿತೆಂದು ಮೂರು ವರ್ಷ ಹಳೆಯ ಟೈರ್ ಒಂದನ್ನು ದಿನಾಂಕ ನೋಡದೆ ಹಾಕಿಸಿದ್ದೆ. ಅದು ಸವೆಯಲೇ ಇಲ್ಲ. ಮತ್ತೆ ಮೂರು ವರ್ಷ ಓಡಿಸಿದ ಮೇಲೂ 4 ಮಿ.ಮೀ. ಟ್ರೆಡ್ ಉಳಿದಿತ್ತು, ಒಳ್ಳೆಯ ಟೈರ್ ಸಿಕ್ಕಿತೆಂದು ಸಂತೋಷಪಟ್ಟಿದ್ದೆ. ಜುಲೈ ತಿಂಗಳ ಒಂದು ಬೆಳಗ್ಗೆ ಚಾರ್ಮಾಡಿ ಘಾಟಿಯಲ್ಲಿ, ಬಹಳ ನಿಧಾನವಾಗಿ ತಿರುವು ತೆಗೆದುಕೊಳ್ಳುತ್ತಿದ್ದಾಗಲೇ ಹಿಂದಿನ ಚಕ್ರ ಹೊರಕ್ಕೆ ಸರಿದು ಬೈಕ್ ಮಲಗಿತು. ಎದುರಿನಿಂದ ಬರುತ್ತಿದ್ದ ಬಸ್ಸು ದೂರದಲ್ಲಿತ್ತು. ಮನೆಗೆ ಬಂದು ಉಗುರು ಒತ್ತಿ ನೋಡಿದರೆ ರಬ್ಬರ್ ಪ್ಲಾಸ್ಟಿಕ್‌ನಷ್ಟು ಗಟ್ಟಿಯಾಗಿತ್ತು. ಟ್ರೆಡ್ ಎಷ್ಟೇ ಉಳಿದಿರಲಿ, ತಯಾರಾದ ದಿನದಿಂದ ಐದು ವರ್ಷ ತುಂಬಿದ ಟೈರ್ ಅನ್ನು ಅಂದಿನಿಂದ ನಾನು ದೂರದ ಪ್ರಯಾಣಕ್ಕೆ ಬಳಸಿಲ್ಲ.

ಎಂಟನೆಯ ಹೆಜ್ಜೆ: ಹಾಕಿಸುವಾಗ ಪಕ್ಕದಲ್ಲೇ ನಿಲ್ಲುವುದು

ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣವಿರುತ್ತದೆ. ಕೆಲವು ಟೈರ್‌ಗಳಲ್ಲಿ ಮುಂದಿನ ಚಕ್ರಕ್ಕೆ ಒಂದು ಬಾಣ, ಹಿಂದಿನ ಚಕ್ರಕ್ಕೆ ಇನ್ನೊಂದು ಬಾಣ ಇರುವುದರಿಂದ ಓದಿ ನೋಡಬೇಕು. ಬಣ್ಣದ ಚುಕ್ಕೆಯಿದ್ದರೆ ಅದು ಸಾಮಾನ್ಯವಾಗಿ ಹಗುರ ಭಾಗದ ಗುರುತು, ಅದನ್ನು ಗಾಳಿ ತುಂಬುವ ವಾಲ್ವ್‌ನ ಪಕ್ಕಕ್ಕೇ ಬರುವಂತೆ ಕೂರಿಸುತ್ತಾರೆ. ರಿಮ್ ಬೆಂಡ್ ಇದ್ದರೆ ಈಗಲೇ ತೆಗೆಸಿ, ಕಡ್ಡಿಗಳ ಬಿಗುವು ನೋಡಿಸಿ, ಎರಡೂ ಚಕ್ರಗಳ ಬ್ಯಾಲೆನ್ಸಿಂಗ್ (ಸುತ್ತಲೂ ತೂಕ ಸಮಗೊಳಿಸುವ ಕೆಲಸ) ಮಾಡಿಸಿ. ಬೈಕ್‌ಗೆ ಬ್ಯಾಲೆನ್ಸಿಂಗ್ ಯಾಕೆ ಎಂದು ಕೇಳುವ ಅಂಗಡಿಗಳಿವೆ. 21 ಇಂಚಿನ ಮುಂದಿನ ಚಕ್ರ ಹೆದ್ದಾರಿ ವೇಗದಲ್ಲಿ ಅದುರುತ್ತಿದ್ದರೆ ಟೈರ್ ಅಲ್ಲಲ್ಲಿ ಹಳ್ಳ ಬಿದ್ದು ಸವೆಯುತ್ತದೆ ಎಂದು ವಿವರಿಸಿ ಮಾಡಿಸಿಕೊಳ್ಳಿ. ಹಿಂದಿನ ಚಕ್ರ ಹಾಕಿದ ಮೇಲೆ ಸ್ವಿಂಗ್‌ಆರ್ಮ್‌ನ ಎರಡೂ ಬದಿಯ ಗುರುತುಗಳು ಒಂದೇ ಗೆರೆಗೆ ಬಂದಿವೆಯೇ, ಚೈನ್‌ನ ಸಡಿಲ ಸರಿಯಾಗಿದೆಯೇ ಎಂದು ನೀವೇ ಬಗ್ಗಿ ನೋಡಿ. ಮೊದಲ ಹೆಜ್ಜೆಯಲ್ಲಿ ಒಂದು ಬದಿಯ ಸವೆತ ಕಂಡಿದ್ದವರು ಈ ಗುರುತುಗಳನ್ನು ನೋಡದೆ ಅಂಗಡಿ ಬಿಡಲೇಬಾರದು.

ಒಂಬತ್ತನೆಯ ಹೆಜ್ಜೆ: ಮೊದಲ ಇನ್ನೂರು ಕಿಲೋಮೀಟರ್ ಮತ್ತು ಆಮೇಲೆ

ಅಚ್ಚಿನಿಂದ ಬಂದ ಟೈರ್‌ನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ 150ರಿಂದ 200 ಕಿ.ಮೀ. ತಟ್ಟನೆ ಬ್ರೇಕ್ ಹಿಡಿಯದೆ, ಜೋರಾಗಿ ಎಳೆಯದೆ, ತಿರುವುಗಳಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚು ವಾಲುತ್ತ ಓಡಿಸಿ. ಹೊಸ ಟೈರ್ ಹಾಕಿಸಿದ ದಿನವೇ ಮಳೆಯಲ್ಲಿ ಘಾಟಿ ಹತ್ತುವ ಯೋಜನೆ ಇಟ್ಟುಕೊಳ್ಳಬೇಡಿ.

ಟೈರ್‌ನ ಆಯುಷ್ಯವನ್ನು ನಿರ್ಧರಿಸುವ ದಿನನಿತ್ಯದ ಸಂಗತಿ ಗಾಳಿ. ಬೈಕ್‌ನ ಕೈಪಿಡಿಯಲ್ಲಿ ಒಬ್ಬರೇ ಹೋಗುವಾಗ ಎಷ್ಟು, ಡಬಲ್ಸ್ ಹೋಗುವಾಗ ಎಷ್ಟು ಎಂದು ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಟೈರ್‌ನ ಪಕ್ಕೆಯ ಮೇಲಿರುವುದು ಗರಿಷ್ಠ ಮಿತಿ, ಅದನ್ನೇ ಹಾಕಿಸಬಾರದು. ಬೆಳಗ್ಗೆ ಬೈಕ್ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗ, ನಿಮ್ಮದೇ ಗೇಜ್‌ನಿಂದ ಅಳೆಯಿರಿ. ಬಂಕ್‌ಗಳ ಮೀಟರ್‌ಗಳು ಒಂದೊಂದು ಒಂದೊಂದು ಬಗೆಯಲ್ಲಿ ತೋರಿಸುತ್ತವೆ. ಬೆಂಗಳೂರಿನಲ್ಲಿ 20 ಡಿಗ್ರಿಯ ಬೆಳಗ್ಗೆ 32 ಪಿಎಸ್‌ಐ ಹಾಕಿಸಿದ ಟೈರ್, ಓಡದೆ ಸುಮ್ಮನೆ ನಿಂತಿದ್ದರೂ 38 ಡಿಗ್ರಿಯ ರಾಯಚೂರಿನಲ್ಲಿ ಸುಮಾರು 3 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಓಡಿ ಕಾದ ಟೈರ್‌ನಲ್ಲಿ ಇನ್ನೂ ಏರುತ್ತದೆ. ಅದನ್ನು ಕಂಡು ಮಧ್ಯಾಹ್ನ ಗಾಳಿ ಬಿಡಬೇಡಿ; ಮರುದಿನ ಬೆಳಗ್ಗೆ ತಣ್ಣಗಾದಾಗ ಅದು ಕಡಿಮೆ ಗಾಳಿಯ ಟೈರ್ ಆಗಿರುತ್ತದೆ. ಊರಲ್ಲಿದ್ದಾಗ ವಾರಕ್ಕೊಮ್ಮೆ, ಪ್ರಯಾಣದಲ್ಲಿ ಒಂದು ದಿನ ಬಿಟ್ಟು ಒಂದು ದಿನ ನೋಡಿದರೆ ಸಾಕು.

ಹಾಕಿಸಿದ ದಿನದ ಓಡೋಮೀಟರ್ ಸಂಖ್ಯೆ, ದಿನಾಂಕ, ಮೂರೂ ಕಡೆಯ ಟ್ರೆಡ್ ಆಳ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. 5,000 ಕಿ.ಮೀ. ಆದ ಮೇಲೆ ಮತ್ತೆ ಅಳೆಯಿರಿ. 8 ಮಿ.ಮೀ. ಇದ್ದ ನಡುಭಾಗ 6ಕ್ಕೆ ಇಳಿದಿದ್ದರೆ ಸಾವಿರಕ್ಕೆ 0.4 ಮಿ.ಮೀ. ಸವೆದಂತಾಯಿತು; 2 ಮಿ.ಮೀ. ಉಳಿದಾಗ ಬದಲಿಸುವುದಾದರೆ ಇನ್ನೂ 10,000 ಕಿ.ಮೀ. ಬಾಕಿ ಇದೆ. ಟ್ರೆಡ್‌ನ ತಗ್ಗಿನಲ್ಲಿರುವ ಸವೆತದ ಗುರುತು ಮಟ್ಟಕ್ಕೆ ಬರುವವರೆಗೂ ಕಾಯಬಹುದು ಎಂದು ವಾದಿಸುವವರಿದ್ದಾರೆ, ಆದರೆ ಮಳೆಗಾಲ ಎದುರಿಗಿದ್ದರೆ 2 ಮಿ.ಮೀ. ಆದಾಗಲೇ ಬದಲಿಸುವುದು ನನ್ನ ರೂಢಿ. ನಾಲ್ಕನೆಯ ಹೆಜ್ಜೆಯಲ್ಲಿ ಆರಿಸಿದ ಮಿಶ್ರಣ ನಿಮ್ಮ ರಸ್ತೆಗೆ ಹೊಂದಿತೇ, ಮುಂದಿನ ಸಲ ಅದನ್ನೇ ಕೊಳ್ಳಬೇಕೇ ಎಂಬ ಪ್ರಶ್ನೆಗೂ ಇದೇ ಪುಸ್ತಕದ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.